ಆವತ್ತು ಹೇಗೆ ಮಾಡಿದ್ರೋ ಹಾಗೇ

ಅವನು ಬರುವಷ್ಟರಲ್ಲಿ ಅಮ್ಮನ ಮನೆಯ ಕಿಟಕಿಗಳಿಗೆ ಅಮ್ಮನದಲ್ಲದ ಪರದೆಗಳು ಬಂದಿದ್ದವು. ಅವಳ ಹಸಿರು ಪರದೆಗಳನ್ನು ಯಾರೋ ಸುರುಳಿ ಸುತ್ತಿ ಸೋಫಾದ ಹಿಂದೆ ತುರುಕಿದ್ದರು. ಹೊಸವು ತೆಳ್ಳಗೆ, ಕೆನೆಯ ಬಣ್ಣದವು. ಅಂಚಿನಲ್ಲಿ ವರ್ಷಾನುಗಟ್ಟಲೆ ಕೈ ತಾಗಿ ಮಾಸಿದಂತೆ ಕಾಣಲೆಂದು ಯಾರೋ ಚಹಾದ ನೀರಿನಲ್ಲಿ ಅದ್ದಿ ತೆಗೆದಿದ್ದರು. ಚಪ್ಪಲಿ ಬಿಡುವ ಜಾಗದಲ್ಲಿ ಕಪ್ಪು ಪೆಟ್ಟಿಗೆಗಳನ್ನು ಪೇರಿಸಿಟ್ಟಿದ್ದರಿಂದ ಅವನು ಚಪ್ಪಲಿ ಎಲ್ಲಿ ಬಿಡಬೇಕೆಂದು ತಿಳಿಯದೆ ಹೊಸ್ತಿಲಲ್ಲೇ ಅತ್ತಿತ್ತ ನೋಡುತ್ತ ನಿಂತ. ನೆಂಟರ ಮನೆಗೆ ಹೇಳದೆ ಬಂದವನ ಹಾಗೆ. ಒಳಗೆ ನೆಲದುದ್ದಕ್ಕೂ ಹಾವಿನಂತೆ ವೈರುಗಳು ಹರಿದಿದ್ದವು, ಮೇಜಿನ ಮೇಲಿದ್ದ ಅಪ್ಪನ ಫೋಟೋ ಕೆಳಗಿಳಿದು ಗೋಡೆಗೆ ಮುಖ ಮಾಡಿ ಕೂತಿತ್ತು. ನಿರ್ದೇಶಕಿ ಅವನನ್ನು ಕಂಡವಳೇ ಎರಡೂ ಕೈ ಚಾಚಿ ಬಂದಳು. ಅವನಿಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವಳು, ಮಾತು ಮಾತಿಗೂ ನಿಜ, ನಿಜ ಎನ್ನುವವಳು.

"ಪರದೆ ನೋಡಿ ಬೇಜಾರ್ ಮಾಡ್ಕೋಬೇಡಿ ಸಾರ್. ಅಮ್ಮನ್ದು ತುಂಬಾ ಹೊಸ್ದಾಗಿ ಕಾಣ್ತಿತ್ತು. ನಮಗೆ ನಿಜವಾದ ಮನೆ ಬೇಕಲ್ವಾ?"

"ಇದು ನಿಜವಾದ ಮನೆನೇ."

"ಅಯ್ಯೋ ಹೌದು ಸಾರ್, ಆದ್ರೆ ಕ್ಯಾಮೆರಾಗೆ ಅದು ಗೊತ್ತಾಗ್ಬೇಕಲ್ಲ," ಎಂದು ನಕ್ಕಳು. ಅವನೂ ನಕ್ಕ. ಇಂಥ ಮಾತಿಗೆ ನಗುವುದು ಅವನಿಗೆ ಎಷ್ಟು ರೂಢಿಯಾಗಿಹೋಗಿತ್ತೆಂದರೆ, ನಕ್ಕಮೇಲೆ ಕೆನ್ನೆಯಲ್ಲಿ ಉಳಿಯುವ ಬಿಗಿತದಿಂದಲೇ ತಾನು ನಕ್ಕಿದ್ದೆ ಎಂದು ಅವನಿಗೆ ತಿಳಿಯುತ್ತಿತ್ತು.

ಅಮ್ಮ ಅಡುಗೆಮನೆಯಲ್ಲಿದ್ದಳು. ಬಂದವರಿಗೆಲ್ಲ ಚಹಾ ಮಾಡುತ್ತಿದ್ದಳು. ಬೇಡವೆಂದು ಅವರು ಹೇಳಿದ್ದರಂತೆ, ಚಹಾದವನೊಬ್ಬ ಅವರ ಜೊತೆಯಲ್ಲೇ ಬಂದಿದ್ದನಂತೆ; ಮನೆಗೆ ಬಂದವರು ತಂದ ಚಹಾವನ್ನು ಮನೆಯವಳು ಕುಡಿಯುವುದು ಎಲ್ಲಾದರೂ ಉಂಟೇ ಎಂದು ಇವಳು ದೊಡ್ಡ ಪಾತ್ರೆ ಒಲೆಗೇರಿಸಿದ್ದಳು. ಮುಖಕ್ಕೆ ತೆಳುವಾಗಿ ಬಣ್ಣ ಹಚ್ಚಿದ್ದರು. ಕಣ್ಣ ಕೆಳಗಿನ ಕಪ್ಪನ್ನು ಮಾತ್ರ ಮುಚ್ಚದೆ, ಇನ್ನಷ್ಟು ತೀಡಿ ಎದ್ದು ಕಾಣುವಂತೆ ಮಾಡಿದ್ದರು. ಮೈಮೇಲೆ ಮನೆಯಲ್ಲಿ ಉಡುವ, ಬಣ್ಣ ಹೋದ ಬಟ್ಟೆ. "ಒಳ್ಳೇದು ಹಾಕ್ಕೊಂಡು ರೆಡಿಯಾಗಿದ್ದೆ ಕಣೋ. ಬೆಳಗ್ಗೆ ಇಸ್ತ್ರಿನೂ ಮಾಡಿದ್ದೆ. ಬೇಡ, ಪಾತ್ರೆ ತೊಳೆಯೋವಾಗ ಹಾಕ್ಕೊಳ್ಳೋದು ಹಾಕ್ಕೊಳ್ಳಿ ಅಂತ ಬಿಚ್ಚಿಸ್ಬಿಟ್ರು," ಎಂದಳು, ದೂರುವಂತಲ್ಲ, ತಮಾಷೆಯಂತೆ, ಆದರೆ ಒಲೆಯ ಕಡೆಗೇ ನೋಡುತ್ತ. "ಊರೆಲ್ಲ ನೋಡುತ್ತಂತಲ್ಲ ಇದನ್ನ. ನಮ್ಮನೇಲಿ ಬಟ್ಟೆಗೂ ಗತಿಯಿಲ್ಲ ಅಂದ್ಕೊಳ್ಳಲ್ವೇನೋ?" ಅವನು ಪಾತ್ರೆಯ ಕೆಳಗಿನ ಉರಿ ತಗ್ಗಿಸಿದ. ಹೇಳಬೇಕಾದದ್ದು ಬೇರೆಯೇ ಇತ್ತು. ಅದನ್ನು ಹೇಳಲೆಂದೇ ಬೇಗ ಹೊರಟಿದ್ದ, ದಾರಿಯಲ್ಲಿ ಕಾರು ನಿಲ್ಲಿಸಿ ಸುಮ್ಮನೆ ಕೂತು ತಡ ಮಾಡಿಕೊಂಡಿದ್ದ.

"ಅಮ್ಮಾ, ಹಾಡು ಕೇಳಿದ್ಯಾ?"

"ನಿಮ್ಮಕ್ಕ ಫೋನಲ್ಲಿ ಹಾಕಿದ್ಲು. ನನ್ನ ಕಿವಿಗೆ ಬರೀ ಡಬಡಬ ಕೇಳ್ಸುತ್ತಪ್ಪ, ಮಾತು ತಿಳಿಯಲ್ಲ. ನಿನ್ನ ದನಿ ಚೆನ್ನಾಗಿತ್ತು." ಅವಳು ಸೌಟಿನಿಂದ ಕೆನೆ ಸರಿಸಿದಳು. "ಇನ್ನೂ ಸ್ವಲ್ಪ ತಿನ್ಬೇಕು ನೀನು. ದನಿ ಬಡಕಲಾಗಿದೆ."

ಅಂದರೆ ಕೇಳಿಲ್ಲ. ಅಥವಾ ಕೇಳಿದ್ದಾಳೆ. ಅಮ್ಮನ ಮಾತಿನಲ್ಲಿ ಎಲ್ಲಿ ಹಿಡಿದರೆ ಸತ್ಯ ಸಿಗುತ್ತದೆಂಬುದು ಅವನಿಗೆ ಚಿಕ್ಕಂದಿನಿಂದಲೂ ತಿಳಿದಿರಲಿಲ್ಲ. ಊರಿಗೆ ಊರೇ ಗುನುಗುತ್ತಿದ್ದ ಆ ಹಾಡಿನ ಪಲ್ಲವಿ ಹೀಗಿತ್ತು: ಮಡಿಸುತ್ತಿದ್ದ ಬಟ್ಟೆ ಕೈಯಿಂದ ಜಾರಿತು, ಅಮ್ಮಾ, ಮಾತಿಗೆ ಮೊದಲೇ ನಿನ್ನ ತೋಳು ನನ್ನ ಸೇರಿತು. ಈ ಎರಡು ಸಾಲನ್ನು ಜನ ಅಂಗಿಗಳ ಮೇಲೆ ಅಚ್ಚು ಹಾಕಿಸಿಕೊಂಡಿದ್ದರು. ಹುಡುಗರು, ಹುಡುಗಿಯರು, ನಡುವಯಸ್ಸಿನವರು ಸಹ ಅವನಿಗೆ ಬರೆಯುತ್ತಿದ್ದರು: ನಿಮ್ಮಮ್ಮನಂಥ ಅಮ್ಮ ನನಗಿಲ್ಲ, ಆದರೂ ನಿಮ್ಮ ಹಾಡು ಕೇಳಿ ಮನೆಯಲ್ಲಿ ಹೇಳಿಬಿಟ್ಟೆ. ಹೇಳಿದ ಮೇಲೆ ಏನಾಯಿತೆಂದು ಕೆಲವರು ಬರೆಯುತ್ತಿದ್ದರು, ಕೆಲವರು ಬರೆಯುತ್ತಿರಲಿಲ್ಲ. ಬರೆಯದವರ ಹಳೆಯ ಸಾಲುಗಳನ್ನು ಅವನು ರಾತ್ರಿ ಮತ್ತೆ ತೆಗೆದು ಓದುತ್ತಿದ್ದ.

ಅದೆಲ್ಲ ಶುರುವಾದದ್ದು ಒಂದೇ ಪದದಿಂದ. ರೇಡಿಯೋ ಸ್ಟುಡಿಯೋದ ಗಾಜಿನ ಕೋಣೆ, ಎದುರಿಗೆ ಕಿವಿಗೆ ಹೆಡ್‌ಫೋನು ಹಾಕಿಕೊಂಡ ಹೆಂಗಸು. ಗಂಡಸರನ್ನು ಪ್ರೀತಿಸುವವನು ತಾನು ಎಂದು ಅವನು ಅಲ್ಲೇ, ಆವತ್ತೇ, ಮೊದಲ ಸಲ ಊರಿಗೆಲ್ಲ ಕೇಳುವಂತೆ ಹೇಳಿದ್ದ. ಹೇಳಿ ಮುಗಿಸಿದಾಗ ಹಗುರಾಗಬಹುದು ಎಂದುಕೊಂಡಿದ್ದವನಿಗೆ ಬರೀ ಹಸಿವಾಗಿತ್ತು. "ಅಮ್ಮನಿಗೆ ಹೇಳಿದಾಗ ಅವರು ಏನ್ಮಾಡಿದ್ರು?" ಎಂದು ಆ ಹೆಂಗಸು ತಲೆ ಒಂದು ಕಡೆ ವಾಲಿಸಿ ಕೇಳಿದಳು. ವಾಲಿದ ಆ ತಲೆ, ಕಾಯುತ್ತಿದ್ದ ಆ ಕಣ್ಣು. ಅವನು, "ತಬ್ಬಿಕೊಂಡ್ರು," ಎಂದ. ಯೋಚಿಸಿ ಹೇಳಿದ ಸುಳ್ಳಲ್ಲ ಅದು. ಕೇಳುವವರು ಕೈ ಒಡ್ಡಿದಲ್ಲಿಗೆ ಸರಿಯಾಗಿ ಸ್ವರ ಇಳಿಸುವುದು ಅವನ ಕಸುಬು. ನಾಲಿಗೆ ತನ್ನ ಕಸುಬು ಮಾಡಿತ್ತು. ಹೆಂಗಸಿನ ಕಣ್ಣು ತುಂಬಿದವು, ಗಾಜಿನಾಚೆ ಕೂತಿದ್ದ ಮ್ಯಾನೇಜರು ಎರಡೂ ಹೆಬ್ಬೆರಳು ಎತ್ತಿ ತೋರಿಸಿದ. ಹೊರಗೆ ಬಂದಾಗ ಅವನ ಬೆನ್ನು ತಟ್ಟಿ, "ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ಯಪ್ಪಾ? ಇದೇ ಹಾಡು. ಇದಕ್ಕಿಂತ ನಿಜ ಇನ್ನೇನ್ ಬೇಕು?" ಎಂದಿದ್ದ. ನಡೆದದ್ದೇ ಬೇರೆ ಎಂದು ಆಗಲೇ ಹೇಳಬಹುದಿತ್ತು. ಹೇಳಬಹುದಾಗಿದ್ದ ಆ ಹೊತ್ತು ಲಿಫ್ಟಿನ ಬಾಗಿಲಿನಂತೆ ತೆರೆದು, ಕಾದು, ಮುಚ್ಚಿಕೊಂಡಿತು.

ಇದೇ ಮ್ಯಾನೇಜರು ಮೊದಲಿನ ಹಾಡುಗಳಿಗೆಲ್ಲ ಹಳದಿ ಫ್ರಾಕಿನ ಹುಡುಗಿಯನ್ನು ಹುಡುಕಿ ತಂದವನು. ಬಸ್‌ಸ್ಟಾಪಿನಲ್ಲಿ ಹಳದಿ ಫ್ರಾಕು, ಮಹಡಿಯ ಮೇಲೆ ಹಳದಿ ಫ್ರಾಕು, ಅವಳ ಕೂದಲು ಹಾರಲೆಂದು ಎದುರಿಗೆ ದೊಡ್ಡ ಫ್ಯಾನು. ಪಾಪ, ಒಳ್ಳೆಯ ಹುಡುಗಿ, ಶಾಟು ಶಾಟಿನ ನಡುವೆ ಕೂತು ಪರೀಕ್ಷೆಗೆ ಓದುತ್ತಿದ್ದಳು. ಅವಳ ಭುಜದಾಚೆ, ಕ್ಯಾಮೆರಾದ ಹಿಂದೆ, ಕೈಕಟ್ಟಿಕೊಂಡು ಡ್ರಮ್ಮಿನವನು ನಿಂತಿರುತ್ತಿದ್ದ. ಇವನ ತಂಡದಲ್ಲಿ ಡ್ರಮ್ಮು ಬಾರಿಸುವವನು, ಇವನ ಕೋಣೆಯ ಒಂದೇ ಮಂಚದ ಇನ್ನರ್ಧ. ಇವನು ಹುಡುಗಿಯನ್ನು ನೋಡಬೇಕಾದಲ್ಲೆಲ್ಲ ಅವಳ ಕಿವಿಯ ಪಕ್ಕದಿಂದ ಹಾಯ್ದು ಅವನನ್ನು ನೋಡುತ್ತಿದ್ದ. ಜನ ಮರುಳಾದದ್ದು ಆ ನೋಟಕ್ಕೆ. ಅಂಥ ನೋಟ ನಟಿಸಿ ಬರೋದಲ್ಲ ಎಂದು ಪತ್ರಿಕೆಯಲ್ಲಿ ಯಾರೋ ಬರೆದಿದ್ದರು, ಅದನ್ನು ಓದಿ ಇಬ್ಬರೂ ಮಂಚದ ಮೇಲೆ ಬಿದ್ದು ನಕ್ಕಿದ್ದರು. ಆ ಸುಳ್ಳು ವಿಡಿಯೋಗಳಲ್ಲಿ ಅವನು ಒಂದು ಸುಳ್ಳು ಸಾಲನ್ನೂ ಹಾಡಿರಲಿಲ್ಲ. ಈಗ ತನ್ನ ಹೆಸರಿನಲ್ಲಿ, ತನ್ನ ಬದುಕೆಂದು, ತಾನೇ ಬರೆದ ಮೊದಲ ಹಾಡಿನ ಎದೆಯಲ್ಲೇ ಹುಳ ಕೂತಿತ್ತು. ಹಾಡು ಹೊರಬಂದ ವಾರ ಡ್ರಮ್ಮಿನವನಿಂದ, ಬೇರಾಗಿ ಎಷ್ಟೋ ಕಾಲದ ಮೇಲೆ, ಒಂದು ಮೆಸೇಜು ಬಂದಿತ್ತು: "ನಿಮ್ಮಮ್ಮ ತಬ್ಬಿಕೊಂಡಿದ್ದು ಯಾವಾಗ? ಆ ರಾತ್ರಿ ನೀನು ಕೋಣೆಗೆ ಬಂದು ನನಗೆ ಹೇಳಿದ್ದೇ ಬೇರೆ." ಅವನು ಆ ನಂಬರನ್ನೇ ಬ್ಲಾಕ್ ಮಾಡಿಬಿಟ್ಟ. ಬ್ಲಾಕ್ ಮಾಡಿದ ಕೈಯಲ್ಲೇ ಆವತ್ತು ಸಂಜೆ ಅಭಿಮಾನಿಗಳಿಗೆ, ಸತ್ಯ ಹೇಳಲು ಹೆದರಬೇಡಿ ಎಂದು ಬರೆದಿದ್ದ.

"ಅಮ್ಮಾ, ಬನ್ನಿ ಅಮ್ಮಾ, ಬೆಳಕು ಹೋಗೋದ್ರೊಳಗೆ ಮುಗಿಸಿಬಿಡೋಣ," ಎಂದು ನಿರ್ದೇಶಕಿ ಕರೆದಳು. ಹೇಳಬೇಕೆಂದು ಬಂದದ್ದನ್ನು ಅವನು ಅಮ್ಮನಿಗೆ ಇನ್ನೂ ಹೇಳಿರಲಿಲ್ಲ.

ನಡುಮನೆಯಲ್ಲಿ ಒಗೆದ ಬೆಡ್‌ಶೀಟುಗಳ ರಾಶಿ ತಂದು ಹಾಕಿದ್ದರು. ಅದು ಮಾತ್ರ ನಿಜ, ಬೆಡ್‌ಶೀಟು. ಸುಳ್ಳು ನಿಲ್ಲಬೇಕಾದರೆ ಒಂದು ನಿಜವಾದ ಗೂಟ ಬೇಕೆಂಬುದು ಹಾಡು ಕಟ್ಟುವಾಗ ಅವನಿಗೆ ತಾನಾಗಿಯೇ ತಿಳಿದಿತ್ತು. ನಿರ್ದೇಶಕಿ ಕೆಲಸದ ರೀತಿ ವಿವರಿಸಿದಳು. ವಿಡಿಯೋದಲ್ಲಿ ಇದೆಲ್ಲ ನಿಧಾನವಾಗಿ, ನೀರೊಳಗೆ ನಡೆದಂತೆ ಕಾಣಬೇಕು; ಹಾಗೆ ಕಾಣಬೇಕಾದರೆ ಕ್ಯಾಮೆರಾ ಜೋರಾಗಿ ಓಡುತ್ತದೆ, ಹಾಡನ್ನೂ ಜೋರಾಗಿ ಓಡಿಸಬೇಕು, ಸಾರ್ ಅದಕ್ಕೆ ತಕ್ಕಂತೆ ಬೇಗ ಬೇಗ ತುಟಿ ಆಡಿಸುತ್ತಾರೆ, ಆಮೇಲೆ ನಿಧಾನ ಮಾಡಿದಾಗ ಎಲ್ಲ ಕೂಡಿಕೊಳ್ಳುತ್ತದೆ. ಅಮ್ಮನಿಗೆ ಇದೊಂದೂ ತಲೆಗೆ ಹೋಗಲಿಲ್ಲ, ಆದರೂ ತಲೆಯಾಡಿಸಿದಳು. ಸೌಂಡಿನವನು ಗುಂಡಿ ಒತ್ತಿದ. ಸ್ಪೀಕರಿನಿಂದ ಅವನ ದನಿ ಕೀಚುಕೀಚಾಗಿ ಚಿಮ್ಮಿತು. ತಿಂಗಳುಗಟ್ಟಲೆ ಕೂತು ಒಂದೊಂದು ಉಸಿರನ್ನೂ ಅಳೆದು ಹಾಡಿದ್ದ ಹಾಡು ಚಾವಣಿಯ ಸಂದಿನಲ್ಲಿ ಏನೋ ಓಡಿದಂತೆ ಓಡಿತು.

"ಇದೇನೋ, ಇಲಿ ಹಾಡ್ದಂಗಿದೆ!" ಎಂದಳು ಅಮ್ಮ.

ಎಲ್ಲರೂ ಗೊಳ್ಳೆಂದು ನಕ್ಕರು. ಲೈಟು ಹಿಡಿದವನು ಎಷ್ಟು ನಕ್ಕನೆಂದರೆ ಗೋಡೆಯ ಮೇಲಿನ ಬೆಳಕು ಕುಣಿಯಿತು. ಅಮ್ಮನಿಗೆ ತನ್ನ ಮಾತಿಗೆ ಇಷ್ಟು ಜನ ನಗುವುದು ಹಿಗ್ಗು ತಂದಿತು, "ಸಣ್ಣೋನಿದ್ದಾಗ ಇವನ ದನಿ ಹಿಂಗೇ ಇತ್ತು ಬಿಡಿ," ಎಂದು ಇನ್ನೊಂದಿಷ್ಟು ಸೇರಿಸಿದಳು. ಅವನಿಗೆ ಎಲ್ಲೋ ಒಂದು ಸಮಾಧಾನವೂ ಆಯಿತು. ಇಷ್ಟು ವೇಗದಲ್ಲಿ ಪಲ್ಲವಿಯ ಮಾತು ಅವಳಿಗೆ ತಿಳಿಯಲಾರದು. ಹಾಗೆಯೇ ಮುಗಿದುಹೋಗಬಹುದು ಇದು.

"ಅಮ್ಮಾ, ನೀವು ಏನೂ ನಟಿಸ್ಬೇಡಿ," ಎಂದಳು ನಿರ್ದೇಶಕಿ, ಅವಳ ಎರಡೂ ಭುಜ ಹಿಡಿದು. "ಬೆಡ್‌ಶೀಟ್ ಮಡಿಸ್ತಾ ಇರಿ. ಸಾರ್ ನಿಮಗೆ ವಿಷಯ ಹೇಳ್ತಾರೆ. ಆಮೇಲೆ ನೀವು ಆವತ್ತು ಹೇಗೆ ಮಾಡಿದ್ರೋ ಹಾಗೇ ಮಾಡಿ. ಅಷ್ಟೇ."

ಅಮ್ಮ ಅವನ ಕಡೆ ನೋಡಿದಳು. "ಆವತ್ತು ಮಾಡಿದ ಹಾಗೇನಾ?"

"ಹಾಗೇ," ಎಂದಳು ನಿರ್ದೇಶಕಿ. ಅವನು ಬಗ್ಗಿ ಬೆಡ್‌ಶೀಟಿನ ತುದಿ ಹುಡುಕುತ್ತಿದ್ದ.

ಇಲಿಯ ದನಿ ಮತ್ತೆ ಶುರುವಾಯಿತು. ಅಮ್ಮ ಎರಡು ತುದಿ ಹಿಡಿದಳು, ಅವನು ಎರಡು ತುದಿ ಹಿಡಿದ. ಒಂದು ಸಲ ಜಾಡಿಸಿದರು. ಅವನ ತುಟಿಗಳು ದಡಬಡ ಆಡುತ್ತಿದ್ದವು. ಅಮ್ಮ ತನ್ನ ತುದಿಗಳನ್ನು ಜೋಡಿಸಿಕೊಂಡು, ಬಟ್ಟೆ ನೆಲಕ್ಕೆ ತಾಗದಂತೆ ಎತ್ತಿ ಹಿಡಿದು, ಅವನ ಕಡೆಗೆ ನಡೆದು ಬಂದಳು. ಅವಳ ಬೆರಳು ಅವನ ಬೆರಳಿಗೆ ತಾಗಿತು. ಅಲ್ಲಿ ಅವಳು ನಿಂತಳು. ಕಣ್ಣು ಅವನ ಎದೆಯ ಗುಂಡಿಯ ಮೇಲೆ. ತಲೆಯನ್ನು ಒಂದಿಷ್ಟೇ ಎಡಗಡೆಗೆ, ಗೋಡೆಯತ್ತ ತಿರುಗಿಸಿ, ಏನನ್ನೋ ಆಲಿಸಿದಳು. ಅವನ ಕೈಯಿಂದ ಎರಡೂ ತುದಿಗಳನ್ನು ಬಿಡಿಸಿಕೊಂಡಳು. "ಇನ್ನೊಂದು ಹಿಡಿ," ಎಂದಳು.

ಅವನ ತುಟಿ ನಿಂತುಹೋಯಿತು. ಗೋಡೆಯಾಚೆಯ ಕೋಣೆಯಲ್ಲಿ ಆವತ್ತು ಅಪ್ಪ ಕೆಮ್ಮಿದ್ದ. ಅದನ್ನು ಇವನು ಮರೆತೇಬಿಟ್ಟಿದ್ದ, ಅವಳು ಮರೆತಿರಲಿಲ್ಲ. ಅಪ್ಪ ಹೋಗಿ ವರ್ಷಗಳೇ ಆಗಿದ್ದವು, ಆ ಕೆಮ್ಮು ಅವಳ ಕತ್ತಿನಲ್ಲಿ ಹಾಗೇ ಉಳಿದಿತ್ತು. ನನಗೆ ಹುಡುಗಿಯರು ಬೇಡಮ್ಮಾ, ನಾನು ಆ ಡ್ರಮ್ಮಿನವನ ಜೊತೆ ಇದ್ದೀನಿ, ಎಂದು ಆವತ್ತು ಇದೇ ಜಾಗದಲ್ಲಿ ಇವನು ಹೇಳಿದಾಗ, ಬೆರಳಿಗೆ ಬೆರಳು ತಾಗುವಷ್ಟು ಹತ್ತಿರ ಬಂದು, ಗೋಡೆಯ ಕಡೆ ಆಲಿಸಿ, ಇನ್ನೊಂದು ಹಿಡಿ ಎಂದಿದ್ದಳು. ಇನ್ನೊಂದು, ಮತ್ತೊಂದು, ರಾಶಿ ಮುಗಿಯುವ ತನಕ. ಹತ್ತಿರ ಬಂದಳು, ದೂರ ಹೋದಳು. ಪ್ರತಿ ಸಲ ಹತ್ತಿರ ಬಂದಾಗಲೂ ಈಗ ಏನಾದರೂ ಅನ್ನುತ್ತಾಳೆ, ಈಗ, ಎಂದು ಇವನು ಕಾದಿದ್ದ. ಕೊನೆಯದನ್ನು ಕಪಾಟಿನಲ್ಲಿಟ್ಟು, ಮುಚ್ಚದ ಕಪಾಟಿನ ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಹಿಡಿದು, "ನಿಮ್ಮಪ್ಪನ ಹತ್ರ ಹೇಳ್ಬೇಡ," ಎಂದಿದ್ದಳು. ಅಷ್ಟೇ. ಅಂದಿನಿಂದ ಅವಳು ಅದನ್ನು ಎತ್ತಿರಲಿಲ್ಲ, ಇವನೂ ಎತ್ತಿರಲಿಲ್ಲ. ಅವಳಿಗೆ ಅದು ಕಿವಿಗೇ ಬಿದ್ದಿರಲಿಲ್ಲವೇನೋ, ಬಿದ್ದರೂ ಒಗೆದ ಬಟ್ಟೆಯ ಜೊತೆ ಮಡಿಸಿಟ್ಟು ಮರೆತಳೇನೋ ಎಂದು ಇವನು ಎಷ್ಟೋ ಸಲ ಅಂದುಕೊಂಡದ್ದುಂಟು. ಈಗ ತಿಳಿಯಿತು. ಅವಳಿಗೆ ಎಲ್ಲ ನೆನಪಿತ್ತು. ಕಣ್ಣು ಎಲ್ಲಿಟ್ಟಿದ್ದೆ ಎಂಬುದು ಕೂಡ.

"ಕಟ್, ಕಟ್. ಅಮ್ಮಾ, ಚೆನ್ನಾಗಿತ್ತು, ತುಂಬಾ ಚೆನ್ನಾಗಿತ್ತು. ಆದ್ರೆ ತಬ್ಕೊಳ್ಳೋದು?"

"ಯಾವ ತಬ್ಕೊಳ್ಳೋದು?" ಎಂದಳು ಅಮ್ಮ.

ಕೋಣೆಯಲ್ಲಿದ್ದವರೆಲ್ಲ ಅವನನ್ನು ನೋಡಿದರು. ಕ್ಯಾಮೆರಾದವನು ಕಣ್ಣನ್ನು ಗಾಜಿನಿಂದ ತೆಗೆದು ನೋಡಿದ. ನಿರ್ದೇಶಕಿಯ ಮುಖದಲ್ಲಿ ನಗು ಇನ್ನೂ ಇತ್ತು, ಆದರೆ ಅದರ ಅಂಚು ಬಿಟ್ಟುಕೊಳ್ಳತೊಡಗಿತ್ತು. ಅಮ್ಮ ಬೆಡ್‌ಶೀಟನ್ನು ಎದೆಗವಚಿಕೊಂಡು, ಲೆಕ್ಕ ತಪ್ಪು ಮಾಡಿದ ಶಾಲೆಯ ಹುಡುಗಿಯ ಹಾಗೆ, ಎಲ್ಲಿ ತಪ್ಪಾಯಿತೆಂದು ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ಅವನ ನಾಲಿಗೆ ಈ ಸಲವೂ ತನ್ನ ಕಸುಬು ಮಾಡಿತು.

"ಅಮ್ಮಂಗೆ ಈಗೀಗ ಸ್ವಲ್ಪ ಮರೆವು," ಎಂದ, ದನಿ ತಗ್ಗಿಸಿ, ಅವಳಿಗೂ ಕೇಳುವಷ್ಟೇ ತಗ್ಗಿಸಿ. "ವಯಸ್ಸಾಯ್ತಲ್ಲ."

"ಅಯ್ಯೋ," ಎಂದಳು ನಿರ್ದೇಶಕಿ. ಆ ಅಯ್ಯೋದಲ್ಲಿ ನಿಜವಾದ ಕರುಣೆ ಇತ್ತು.

ಅಮ್ಮ ಅವನನ್ನೇ ನೋಡಿದಳು. ಬೈಗುಳ ಬಂದೀತೆಂದು ಅವನು ಕಾದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟಾಗ, ನೆರೆಮನೆಯವರು ಕಸ ಇತ್ತ ತಳ್ಳಿದಾಗ ಬೀದಿಗೇ ಕೇಳುವಂತೆ ಜಾಡಿಸುವವಳು ಅವಳು. ಮನೆಬಾಡಿಗೆ, ಗ್ಯಾಸು, ಅಕ್ಕನ ಮಕ್ಕಳ ಹುಟ್ಟಿದ ದಿನ, ಒಂದನ್ನೂ ಮರೆಯದವಳು. "ಹೂಂ ಕಣಮ್ಮಾ," ಎಂದಳು ನಿರ್ದೇಶಕಿಗೆ, ಮೆಲ್ಲಗೆ. "ಮರೆವು ಜಾಸ್ತಿಯಾಗಿದೆ. ನೀನು ಒಂಚೂರು ಹೇಳ್ಕೊಡು. ನಾನು ಹಾಗೇ ಮಾಡ್ತೀನಿ."

ನಿರ್ದೇಶಕಿ ಹೇಳಿಕೊಟ್ಟಳು. ಬಟ್ಟೆಯನ್ನು ಎಸೆಯಬಾರದು, ಅದು ತಾನಾಗಿ ಜಾರಬೇಕು. ಬಲಗೈ ಸಾರ್ ಕತ್ತಿನ ಹಿಂದೆ, ಎಡಗೈ ಬೆನ್ನಿಗೆ. ಮುಖ ಈ ಕಡೆ, ಬೆಳಕಿಗೆ. ಮೊದಲ ಸಲ ಅಮ್ಮನ ಕೈಗಳಿಗೆ ಎಲ್ಲಿಗೆ ಹೋಗಬೇಕೆಂದೇ ತಿಳಿಯಲಿಲ್ಲ. ಅವನ ತೋಳುಗಳನ್ನು ಹೊರಗಿನಿಂದ, ಬಾಗಿಲ ಚೌಕಟ್ಟು ಹಿಡಿದ ಹಾಗೆ ಹಿಡಿದಳು. ಎರಡನೆಯ ಸಲ ಹಣೆ ಅವನ ಗದ್ದಕ್ಕೆ ಬಡಿಯಿತು, ಇಬ್ಬರೂ ಕ್ಷಮಿಸು ಎಂಬಂತೆ ಹಿಂದೆ ಸರಿದರು. ಆಮೇಲೆ ಆಮೇಲೆ ಅವಳಿಗೆ ಕೈ ಕೂಡಿತು. ಯಾವ ಕೆಲಸವನ್ನಾದರೂ ನಾಲ್ಕು ಸಲ ಮಾಡಿದರೆ ಅವಳಿಗೆ ಒಲಿಯುತ್ತಿತ್ತು. ಬಟ್ಟೆ ಜಾರಿತು, ತೋಳು ಬಂತು, ಕತ್ತಿನ ಹಿಂದೆ ಅಂಗೈ ಕೂತಿತು. ಚಹಾದ, ಸೋಪಿನ, ಮುಖಕ್ಕೆ ಹಚ್ಚಿದ ಬಣ್ಣದ ವಾಸನೆ. ಅವಳ ಬೆನ್ನೆಲುಬು ಅವನ ಬೆರಳ ಕೆಳಗೆ, ಇಷ್ಟು ಸಣ್ಣದೇ ಅದು. ಎಷ್ಟು ವರ್ಷ ಇದಕ್ಕಾಗಿ ಕಾದಿದ್ದೆನೋ ಅದು ಈಗ ನಡೆಯುತ್ತಿದೆ, ಈಗ, ಎಂದು ಅವನು ತನಗೇ ಹೇಳಿಕೊಂಡ. ಆದರೆ ಅವಳ ಭುಜದಾಚೆ ಅವನ ತುಟಿಗಳು ಇಲಿಯ ವೇಗದಲ್ಲಿ ಅಮ್ಮಾ ಅಮ್ಮಾ ಎಂದು ಹರಿದುಕೊಳ್ಳುತ್ತಿದ್ದವು, ಮನಸ್ಸು ತಾಳ ತಪ್ಪದಂತೆ ಎಣಿಸುತ್ತಿತ್ತು, ಮೈ ಮರದ ಹಾಗೆ ನಿಂತಿತ್ತು.

"ಸಾರ್, ಅಮ್ಮ ಸಕತ್ತಾಗಿ ಮಾಡ್ತಿದ್ದಾರೆ," ಎಂದಳು ನಿರ್ದೇಶಕಿ. "ನೀವೇ ಸ್ವಲ್ಪ ಬಿಗಿಯಾಗಿದ್ದೀರಿ. ಬಿಟ್ಕೊಡಿ ಸಾರ್. ನಿಮ್ಮಮ್ಮ ಅಲ್ವಾ?"

ಶಾಟು ಸರಿಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮ ಕೂಡಲೇ ಕೈ ತೆಗೆದು, ಕೆಳಗೆ ಬಿದ್ದಿದ್ದ ಬೆಡ್‌ಶೀಟನ್ನು ಎತ್ತಿ, "ಮತ್ತೆ ಒಗೀಬೇಕು ಇದನ್ನ," ಎಂದು ಅಡುಗೆಮನೆಗೆ ಹೋದಳು. ಅವನು ಹಿಂದೆಯೇ ಹೋದ. ಅವಳು ತಣ್ಣಗಾದ ಚಹಾವನ್ನು ಒಂದೊಂದು ಲೋಟದಿಂದ ಮತ್ತೆ ಪಾತ್ರೆಗೆ ಸುರಿಯುತ್ತಿದ್ದಳು.

"ಅಮ್ಮಾ. ಅದು ರೇಡಿಯೋದಲ್ಲಿ ಬಾಯಿಗೆ ಬಂದುಬಿಡ್ತು. ಆಮೇಲೆ..."

"ಸಕ್ಕರೆ ಡಬ್ಬಿ ಎಲ್ಲಿಟ್ರೋ ಇವ್ರು. ಎಲ್ಲ ಹಿಂದೆ ಮುಂದೆ ಮಾಡಿಟ್ಟಿದ್ದಾರೆ."

"ಮರೆವು ಅಂತ ನಾನು ಹೇಳ್ಬಾರ್ದಿತ್ತು."

"ಹೇಳಿದ್ರೆ ಹೇಳ್ದೆ, ಬಿಡು. ಬರುತ್ತಲ್ಲ ಮರೆವು. ಎಲ್ರಿಗೂ ಬರುತ್ತೆ." ಡಬ್ಬಿ ಅವಳ ಕಣ್ಣೆದುರಿಗೇ ಇತ್ತು. ಅವನು ಅದನ್ನು ತೆಗೆದು ಕೊಟ್ಟ. ಯಾಕಮ್ಮಾ ಆವತ್ತು ಹಾಗೆ ಮಾಡಿದೆ, ಎಂದು ಕೇಳಬೇಕಿತ್ತು. ಗೋಡೆಯಾಚೆ ಅಪ್ಪ ಇಲ್ಲದಿದ್ದರೆ ಏನು ಮಾಡುತ್ತಿದ್ದೆ? ಆ ಪ್ರಶ್ನೆ ಇದೇ ಮೊದಲ ಸಲ, ಅವಳು ತಲೆ ತಿರುಗಿಸಿ ಆಲಿಸಿದ್ದನ್ನು ಮತ್ತೆ ಕಂಡ ಮೇಲೆ, ಅವನಿಗೆ ಹುಟ್ಟಿತ್ತು. ಎಲ್ಲ ಹಾಡುಗಳಿಗಿಂತ ನಿಜವಾದ ಪ್ರಶ್ನೆ. ಬಾಯಿ ತೆರೆದ. ನಿರ್ದೇಶಕಿ ಅಡುಗೆಮನೆಗೆ ತಲೆ ಹಾಕಿದಳು. ಅಮ್ಮ ಎರಡು ಮಾತು ಆಡಿದರೆ ವಿಡಿಯೋದ ಕೊನೆಗೆ ಹಾಕಬಹುದು ಎಂದಳು. ಹಾಡಿಲ್ಲದೆ, ಬರೀ ಅಮ್ಮನ ಮಾತು, ನೆನಪಿದ್ದಷ್ಟು.

ಕಿಟಕಿಯ ಪಕ್ಕ ಕುರ್ಚಿ ಹಾಕಿ ಅಮ್ಮನನ್ನು ಕೂರಿಸಿದರು. ಸೌಂಡಿನವನು ಅವಳ ಎದೆಯ ಹತ್ತಿರ ಸಣ್ಣ ಮೈಕು ಸಿಕ್ಕಿಸುವಾಗ ಅವಳು ನಾಚಿ ಉಸಿರು ಹಿಡಿದಳು. ಅವನು ಗೋಡೆಗೊರಗಿ ನಿಂತ. ಹೇಳಿಬಿಡುತ್ತಾಳೆ ಈಗ, ಎಂದುಕೊಂಡ. ಹೇಳಿಬಿಡಲಿ, ಎಂದು ಒಳಗೆ ಯಾರೋ ಅಂದರು, ಅದು ತನ್ನದೇ ದನಿ ಎಂದು ತಿಳಿದು ಅವನಿಗೆ ಬೆರಗಾಯಿತು. ಹೇಳಿಬಿಡಲಿ. ನಾನು ತಬ್ಬಿಕೊಳ್ಳಲಿಲ್ಲ, ಇನ್ನೊಂದು ಹಿಡಿ ಅಂದೆ, ನನಗೆ ಭಯವಾಗಿತ್ತು, ಎಂದು ಈ ಜನರ ಮುಂದೆ ಹೇಳಲಿ. ಹಾಡು ಹೋಗಲಿ, ಹೆಸರು ಹೋಗಲಿ. ಬರೆಯದೆ ಉಳಿದವರಿಗೆಲ್ಲ ಅದಾದರೂ ಮುಟ್ಟಲಿ.

"ನಾವು ಬಟ್ಟೆ ಮಡಿಸ್ತಾ ಇದ್ವಿ," ಎಂದಳು ಅಮ್ಮ, ಕ್ಯಾಮೆರಾದ ಗಾಜಿನೊಳಗೆ ಯಾರೋ ಕೂತಿದ್ದಾರೆಂಬಂತೆ ಬಗ್ಗಿ ನೋಡುತ್ತ. "ಇವ್ನು ಹೇಳ್ದ. ಹೇಳ್ವಾಗ ಇವ್ನ ತುಟಿ ಒಣಗಿತ್ತು. ಯಾವತ್ತೂ ನಾಲಿಗೇಲಿ ಸವರ್ಕೊಳ್ತಾನೆ, ಆವತ್ತು ಅದೂ ಮಾಡ್ಲಿಲ್ಲ. ನನ್ನ ಕೈಲಿದ್ದ ಬೆಡ್‌ಶೀಟು ಬಿದ್ದೇಹೋಯ್ತು ಕಣಮ್ಮಾ. ಹೋಗಿ ತಬ್ಕೊಂಡೆ. ಬೆನ್ನು ನಡುಗ್ತಿತ್ತು ಇವ್ನದು. ಇವರಪ್ಪ ಒಳಗಿಂದ ಏನದು ಸದ್ದು ಅಂದ್ರು. ಏನಿಲ್ಲ, ಬಟ್ಟೆ ಮಡಿಸ್ತಿದ್ದೀವಿ ಅಂದೆ. ಇವ್ನನ್ನ ಬಿಡ್ಲಿಲ್ಲ ನಾನು. ಅವ್ರು ಮತ್ತೆ ಕೇಳಿದ್ರು, ಆಗ್ಲೂ ಬಿಡ್ಲಿಲ್ಲ." ಬಗ್ಗಿದ್ದವಳು ನೆಟ್ಟಗೆ ಕೂತಳು. "ನನ್ನ ಮಗು ಅಲ್ವಾ. ಹೆಂಗೆ ಬಿಡ್ಲಿ?"

ನಿರ್ದೇಶಕಿ ಅಳುತ್ತಿದ್ದಳು. ಲೈಟಿನವನು ಮೂಗು ಒರೆಸಿಕೊಂಡ. ಅಮ್ಮನ ದನಿಯಲ್ಲಿ ಒಂದು ಕಡೆಯೂ ತಡವರಿಕೆ ಇರಲಿಲ್ಲ; ಹೇಳಿಕೊಟ್ಟದ್ದನ್ನು ಒಪ್ಪಿಸುವವರ ದನಿಯಲ್ಲ ಅದು, ಎಷ್ಟೋ ಸಲ ತನಗೇ ಹೇಳಿಕೊಂಡವರದು. ಇದು ಯಾವುದು ಎಂದು ಅವನು ತಡಕಾಡಿದ. ಮಗನ ಮಾನ ಉಳಿಸಲು ಹೇಳಿದಳೇ? ಮರೆವು ಅಂದೆಯಲ್ಲ, ತೆಗೆದುಕೋ, ಎಂದಳೇ? ಅಥವಾ ಹೀಗೆ ಮಾಡಬೇಕಿತ್ತೆಂದು ಅಷ್ಟು ವರ್ಷ ಒಬ್ಬಳೇ ಬಟ್ಟೆ ಮಡಿಸುವಾಗಲೆಲ್ಲ ಕಟ್ಟಿಕೊಂಡದ್ದೇ? ಒಣಗಿದ ತುಟಿಯ ಮಾತು ನಿಜವಿರಬಹುದು. ಅಪ್ಪ ನಿಜವಾಗಿ ಏನದು ಎಂದು ಕೇಳಿದ್ದನೇ? ನೆನಪಿನಲ್ಲಿ ಇವನಿಗೆ ಕೆಮ್ಮು ಮಾತ್ರ ಕೇಳಿಸಿತು, ಇನ್ನೊಮ್ಮೆ ಕಿವಿಗೊಟ್ಟಾಗ ಕೆಮ್ಮಿನ ಹಿಂದೆ ಮಾತೂ ಇದ್ದಂತಿತ್ತು. ಆ ಮಧ್ಯಾಹ್ನವನ್ನು ಕಂಡವರು ಇಬ್ಬರೇ. ಒಂದು ತುದಿ ಇವನು ಎಂದೋ ಬಿಟ್ಟಿದ್ದ. ಇನ್ನೊಂದನ್ನು ಅವಳು ಈಗ, ಇವನಿಗಾಗಿಯೇ, ಬಿಟ್ಟಳು. ಇನ್ನು ಯಾಕೆ ತಬ್ಬಿಕೊಳ್ಳಲಿಲ್ಲ ಎಂದು ಕೇಳಿದರೆ, ತಬ್ಬಿಕೊಂಡಿದ್ದೆನಲ್ಲೋ ಎನ್ನುತ್ತಾಳೆ. ಎಲ್ಲರೂ ನೋಡಿದ್ದಾರೆ ಎನ್ನುತ್ತಾಳೆ.

"ಎಲ್ರೂ ಇದ್ದಲ್ಲೇ ಇರಿ, ಒಂದು ನಿಮಿಷ," ಎಂದು ಸೌಂಡಿನವನು ಕೈಯೆತ್ತಿದ. ಮಾತು ಮುಗಿದ ಮೇಲೆ ಆ ಕೋಣೆಯ ಬರಿಯ ಸದ್ದನ್ನು, ಯಾರೂ ಮಾತಾಡದಿರುವಾಗಿನ ಸದ್ದನ್ನು, ಬೇರೆಯಾಗಿ ಹಿಡಿದಿಟ್ಟುಕೊಳ್ಳುವುದು ಅವರ ಪದ್ಧತಿ. ಮಾತಿನ ನಡುವೆ ಕತ್ತರಿಸಿದ ಜಾಗಗಳನ್ನು ಆಮೇಲೆ ಅದರಿಂದ ತುಂಬುತ್ತಾರೆ. ಅವನಿಗೆ ಇದು ಗೊತ್ತಿದ್ದದ್ದೇ. ಫ್ರಿಜ್ಜು ಆರಿಸಿದರು. ಒಬ್ಬೊಬ್ಬರೂ ಇದ್ದ ಹಾಗೇ ನಿಂತರು. ಅಮ್ಮ ಕುರ್ಚಿಯಿಂದ ಅರ್ಧ ಎದ್ದವಳು ಹಾಗೇ ನಿಂತಳು, ಕೈ ಕುರ್ಚಿಯ ಬೆನ್ನ ಮೇಲೆ. ಅವಳ ಮತ್ತು ಅವನ ನಡುವೆ ಎರಡು ಮಾರು ನೆಲ, ಅದರ ಮೇಲೆ ಒಂದು ವೈರು. ಅವಳು ಅವನನ್ನು ನೋಡಿದಳು. ಈ ಸಲ ಎದೆಯ ಗುಂಡಿಯನ್ನಲ್ಲ, ಕಣ್ಣನ್ನು.

"ಯಾರದೋ ಉಸಿರು ಕೇಳ್ತಿದೆ," ಎಂದ ಸೌಂಡಿನವನು, ಹೆಡ್‌ಫೋನು ಒತ್ತಿಕೊಂಡು. "ತುಂಬಾ ಜೋರಾಗಿದೆ. ಇನ್ನೊಂದ್ಸಲ ತಗೋಬೇಕು."

ಅದು ತನ್ನದೆಂದು ಅವನಿಗೆ ಗೊತ್ತಾಯಿತು. ಓಡಿ ಬಂದವನಂತೆ ಅವನ ಎದೆ ಏರಿಳಿಯುತ್ತಿತ್ತು. ನಂದು, ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅಮ್ಮ, "ನಂದೇ ಇರ್ಬೇಕು ಕಣಪ್ಪಾ," ಎಂದಳು. "ವಯಸ್ಸಾಯ್ತಲ್ಲ. ನಾನು ಹೊರಗೆ ಕೂತಿರ್ತೀನಿ, ನೀವು ಮಾಡ್ಕೊಳ್ಳಿ." ಮೈಕು ಬಿಚ್ಚಿ ಸೌಂಡಿನವನ ಅಂಗೈಯಲ್ಲಿಟ್ಟಳು, ವೈರು ದಾಟಿ, ಅವನ ಪಕ್ಕದಿಂದಲೇ ಹಾಯ್ದು, ಕಪ್ಪು ಪೆಟ್ಟಿಗೆಗಳ ಸಂದಿನಲ್ಲಿ ಮೈ ಸಣ್ಣ ಮಾಡಿಕೊಂಡು ಹೊರಗೆ ಹೋದಳು. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು.

ಅವನು ಉಸಿರು ಹಿಡಿದು ನಿಂತ. ಸೌಂಡಿನವನು ಕಣ್ಣು ಮುಚ್ಚಿ ಆಲಿಸಿದ, ಬಹಳ ಹೊತ್ತು ಆಲಿಸಿದ. ಆಮೇಲೆ ಹೆಡ್‌ಫೋನು ತೆಗೆದು ನಕ್ಕ.

"ಬಂತು," ಎಂದ. "ಈಗ ಒಂಚೂರೂ ಸದ್ದಿಲ್ಲ."